ನನ್ನ ತುಟಿ, ಅವನ ನಗು

ನನ್ನ ಮೇಲ್ದುಟಿಯ ಬಲಗಡೆ ಮೂರು ಹೊಲಿಗೆಯ ಗುರುತು ಇದೆ. ಏಳು ವರ್ಷದವನಿದ್ದಾಗ ಬಾಡಿಗೆ ಸೈಕಲ್ಲಿನಿಂದ ಬಿದ್ದಿದ್ದೆ. ಹ್ಯಾಂಡಲಿನ ತುದಿ ತುಟಿಯನ್ನು ಸೀಳಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಹೊಲಿದು ಕಳಿಸಿದರು. ಗಾಯ ಮಾಯಿತು, ಆದರೆ ತುಟಿಯ ಆ ಮೂಲೆ ಸ್ವಲ್ಪ ಮೇಲಕ್ಕೆ ಎಳೆದುಕೊಂಡೇ ಉಳಿಯಿತು. ಸುಮ್ಮನಿದ್ದಾಗ ಅದು ಯಾರಿಗೂ ಗೊತ್ತಾಗುವುದಿಲ್ಲ. ಹೆದರಿದರೆ, ನಾಚಿಕೆಯಾದರೆ ಮಾತ್ರ ಇನ್ನಷ್ಟು ಮೇಲೇರಿ, ಒಳಗೊಳಗೇ ಯಾರನ್ನೋ ಗೇಲಿ ಮಾಡುತ್ತಿರುವವನ ಹಾಗೆ ಕಾಣುತ್ತೇನೆ. ಶಾಲೆಯಲ್ಲಿ ಮಾಸ್ತರರು ಒಂದು ಏಟು ಕೊಟ್ಟು, ನನ್ನ ಮುಖ ನೋಡಿ, "ನಗ್ತೀಯಾ?" ಎಂದು ಇನ್ನೆರಡು ಕೊಡುತ್ತಿದ್ದರು. ಅಳುವ ಮಕ್ಕಳಿಗೆ ಒಂದೇ ಏಟು, ನನಗೆ ಮೂರು. ಅದಕ್ಕೆ ನಾನು ಒಗ್ಗಿಹೋಗಿದ್ದೆ.

ರಿಯಾದಿನಲ್ಲಿ ಸಿಕ್ಕಿದ ಒಬ್ಬ ಮನುಷ್ಯನಿಂದ ಆದದ್ದಕ್ಕೆ ಒಗ್ಗಿಕೊಳ್ಳಲು ಆಗಲಿಲ್ಲ. ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯುವುದು ಅವನನ್ನು ಕ್ಷಮಿಸಿದ್ದೇನೆಂದು ಹೇಳಲಿಕ್ಕಲ್ಲ. ಕ್ಷಮಿಸಿಲ್ಲ.

ಎಂಬತ್ತರ ದಶಕದ ಆರಂಭ ಅದು. ನಾನು ಉಳ್ಳಾಲದ ಕಡೆಯ ಬ್ಯಾರಿ. ಆಗ ಇಪ್ಪತ್ತಮೂರು ವರ್ಷ. ರಿಯಾದಿನ ಹೊರಗೆ ಕಟ್ಟಡ ಕಟ್ಟುವ ಕಂಪೆನಿಯೊಂದರ ಕ್ಯಾಂಪಿನಲ್ಲಿ ಸ್ಟೋರಿನ ಕೆಲಸಕ್ಕೆ ಸೇರಿದ್ದೆ. ಲಾರಿಯಿಂದ ಬಂದ ಸಾಮಾನು ಇಳಿಸಿಕೊಳ್ಳುವುದು, ಹೆಸರು ಬರೆದು ಚೀಟಿ ಅಂಟಿಸುವುದು, ಸೈಟಿನವರು ಕೇಳಿದ್ದನ್ನು ಎತ್ತಿ ಕೊಡುವುದು. ಸ್ಟೋರಿಗೆ ಎರಡು ಬೀಗದ ಕೈ. ಒಂದು ನನ್ನಲ್ಲಿ, ಇನ್ನೊಂದು ನನಗಿಂತ ಎಂಟು ವರ್ಷ ದೊಡ್ಡವನಾದ ಒಬ್ಬನಲ್ಲಿ. ಅವನು ಕುಂದಾಪುರದ ಕಡೆಯವನು. ಅವನ ಮನೆಮಾತು ಉರ್ದು, ನನ್ನದು ಬ್ಯಾರಿ. ನಮ್ಮಿಬ್ಬರ ನಡುವೆ ಕನ್ನಡ. ಒಂದೇ ಕೋಣೆಯಲ್ಲಿ ಎದುರುಬದುರು ಮಂಚಗಳಲ್ಲಿ ಮಲಗುತ್ತಿದ್ದೆವು. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ.

ಆ ಮುಖವನ್ನು ದೇವರು ಬಿಡುವಿನಲ್ಲಿ ಕೂತು ಮಾಡಿರಬೇಕು. ದುಂಡು ಮುಖ, ಎರಡೂ ಕೆನ್ನೆಯಲ್ಲಿ ಗುಳಿ. ನಗುವಾಗ ಕಣ್ಣಿನ ಮೂಲೆಗಳೂ ನಗುತ್ತಿದ್ದವು. ಮೆಸ್ಸಿನ ಅಡಿಗೆಯವನು ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಕೋಳಿ ಹಾಕುತ್ತಿದ್ದ. ಗೇಟಿನ ಕಾವಲುಗಾರ ನನ್ನ ಚೀಲವನ್ನು ದಿನವೂ ತೆರೆಸಿ ನೋಡುತ್ತಿದ್ದ. ಅವನದನ್ನು ಒಮ್ಮೆಯೂ ಮುಟ್ಟಲಿಲ್ಲ. ಕ್ಯಾಂಪಿನಲ್ಲಿ ಜಗಳವಾದರೆ ನ್ಯಾಯ ಹೇಳಲು ಅವನನ್ನೇ ಕರೆಯುತ್ತಿದ್ದರು. ಬೇರೆಯವರ ಮಾತೇಕೆ, ನಾನೂ ಅವನನ್ನು ಪೂರ್ತಿ ನಂಬಿದ್ದೆ. ಜ್ವರ ಬಂದ ದಿನ ನನ್ನ ಬೀಗದ ಕೈಯನ್ನೂ ಅವನ ಕೈಗೇ ಕೊಟ್ಟು ಮಲಗುತ್ತಿದ್ದೆ.

ಎರಡನೆಯ ವರ್ಷದ ನಡುವೆ ಸ್ಟೋರಿನಿಂದ ತಾಮ್ರದ ಕೇಬಲ್ ಸುರುಳಿಗಳು ಕಾಣೆಯಾದವು. ಒಂದೆರಡಲ್ಲ, ಗೋಡೆಯ ಒಂದು ಬದಿಯೇ ಖಾಲಿ. ಮುಂದಿನ ಸಾಲು ಹಾಗೆಯೇ ಇತ್ತು. ಅದರ ಹಿಂದೆ ಏನೂ ಇರಲಿಲ್ಲ. ಕಂಪೆನಿಯ ಇಂಜಿನಿಯರ್ ಈಜಿಪ್ಟಿನವನು, ದಪ್ಪ ಮೀಸೆಯವನು. ನಮ್ಮಿಬ್ಬರನ್ನೂ ತನ್ನ ಆಫೀಸಿಗೆ ಕರೆಸಿ ಮೇಜಿನ ಮುಂದೆ ನಿಲ್ಲಿಸಿದ. ಎ.ಸಿ. ಗುಂಯ್‌ಗುಡುತ್ತಿತ್ತು, ಅಷ್ಟು ತಂಪಿನಲ್ಲೂ ನನ್ನ ಬೆನ್ನು ಬೆವರಿತ್ತು. ಅವನು ಏನನ್ನೂ ಬರೆದುಕೊಳ್ಳಲಿಲ್ಲ, ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಬಂದು ಒಬ್ಬೊಬ್ಬರ ಮುಖದ ಹತ್ತಿರ ಮುಖ ತಂದು ಒಂದೇ ಪ್ರಶ್ನೆ ಕೇಳಿದ: ಕೇಬಲ್ ಎಲ್ಲಿ?

ಭಾಯಿ ಅವನ ಕಣ್ಣನ್ನೇ ನೋಡಿ, ತಲೆ ಅಲ್ಲಾಡಿಸಿ, "ವಲ್ಲಾಹಿ, ದೇವರಾಣೆ, ನನಗೆ ಗೊತ್ತಿಲ್ಲ" ಎಂದ. ಮುಖದಲ್ಲಿ ದುಃಖ ಇತ್ತು. ಕಂಪೆನಿಯ ನಷ್ಟಕ್ಕೆ ಮರುಗುವ ದುಃಖ.

ಆಮೇಲೆ ನನ್ನ ಸರದಿ. ಕಳ್ಳತನ ಸಾಬೀತಾದರೆ ಏನಾಗುತ್ತದೆಂದು ಕ್ಯಾಂಪಿನಲ್ಲಿ ಕೇಳಿದ್ದೆಲ್ಲ ಒಟ್ಟಿಗೆ ನೆನಪಾಯಿತು. ತುಟಿಯ ಮೂಲೆ ಏರಿದ್ದು ನನಗೇ ಗೊತ್ತಾಯಿತು. ಇಳಿಸಲು ನೋಡಿದೆ, ಅದು ಇನ್ನೂ ಏರಿತು.

"ಶೂಫ್!" ಎಂದು ಇಂಜಿನಿಯರ್ ಕಿರುಚಿದ. "ನೋಡಿ ಇವನ ಮುಖ! ನಗುತ್ತಿದ್ದಾನೆ! ಹರಾಮಿ!"

ಅರಬಿಯಲ್ಲಿ ಹರಾಮಿ ಎಂದರೆ ಕಳ್ಳ. ನಮ್ಮ ಕಡೆ ಅದು ಹುಟ್ಟನ್ನೇ ಎತ್ತಿ ಬೈಯುವ ಮಾತು. ನನ್ನ ಕಿವಿಗೆ ಎರಡೂ ಅರ್ಥ ಒಟ್ಟಿಗೆ ಬಿದ್ದವು.

ಆಗ ಭಾಯಿ ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟ. ಆ ಕೈ ಬೆಚ್ಚಗಿತ್ತು. ಇಂಜಿನಿಯರನ ಕಡೆ ತಿರುಗಿ, ತನಗೆ ಬರುತ್ತಿದ್ದ ಹರುಕುಮುರುಕು ಅರಬಿಯಲ್ಲಿ, "ಮುದೀರ್, ಸಾಹೇಬರೇ, ಪೊಲೀಸಿಗೆ ಕೊಡಬೇಡಿ. ಸಣ್ಣವನು. ಬುದ್ಧಿ ಇಲ್ಲದೆ ಮಾಡಿದ್ದಾನೆ. ಮನೆಯಲ್ಲಿ ತಂದೆ ತಾಯಿ ಇದ್ದಾರೆ. ನನ್ನ ಮುಖ ನೋಡಿ ಬಿಟ್ಟುಬಿಡಿ" ಎಂದ.

ಕದ್ದವನು ನಾನೆಂದು ಯಾರೂ ಸಾಬೀತು ಮಾಡಿರಲಿಲ್ಲ. ಅವನು ನನಗಾಗಿ ಕ್ಷಮೆ ಕೇಳಿದ, ಅಷ್ಟೇ. ಅದರಲ್ಲೇ ಎಲ್ಲ ಸಾಬೀತಾಯಿತು. ಇಂಜಿನಿಯರ್ ಅವನ ಬೆನ್ನು ತಟ್ಟಿದ. ನನ್ನನ್ನು ಅವತ್ತೇ ಸ್ಟೋರಿನಿಂದ ತೆಗೆದು ಸಿಮೆಂಟ್ ಬ್ಲಾಕ್ ಮಾಡುವ ಅಂಗಳಕ್ಕೆ ಹಾಕಿದರು.

ಮೇಲೆ ತಗಡು ಕೂಡ ಇಲ್ಲದ ಬಯಲು ಅದು. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣದ ಅಚ್ಚು ಮುಟ್ಟಿದರೆ ಅಂಗೈ ಸುಲಿಯುತ್ತಿತ್ತು. ನನಗೆ ಅದಕ್ಕಿಂತ ಬಿಸಿಯಾಗಿದ್ದದ್ದು ಮೆಸ್ಸಿನಲ್ಲಿ ನಾನು ಕೂತಾಗ ಪಕ್ಕದವನು ತನ್ನ ತಟ್ಟೆಯನ್ನು ಎತ್ತಿಕೊಂಡು ಎದ್ದುಹೋಗುವುದು. ಊರಿನವರೇ ಸೋಪು, ಬ್ಲೇಡು ಕೂಡ ನನ್ನ ಕಣ್ಣಿಗೆ ಬೀಳದ ಹಾಗೆ ಒಳಗಿಡಲು ಶುರುಮಾಡಿದರು. ಭಾಯಿ ಮಾತ್ರ ಎಂದಿನಂತೆ ನಗುತ್ತಲೇ ಮಾತಾಡಿಸುತ್ತಿದ್ದ. "ಬೇಜಾರು ಮಾಡ್ಬೇಡ ಮಾರಾಯ, ಜನ ಮರೀತಾರೆ" ಎನ್ನುತ್ತಿದ್ದ. ನನ್ನನ್ನು ಉಳಿಸಿದವನು ಎಂದು ನಾನೇ ಅವನಿಗೆ ಋಣಿಯಾಗಿದ್ದೆ ಎಂಬುದನ್ನು ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ನಾಲ್ಕು ತಿಂಗಳ ಮೇಲೆ, ಬ್ಲಾಕ್ ತುಂಬಿಸಿಕೊಳ್ಳಲು ಬಂದ ಲಾರಿಯ ಡ್ರೈವರ್ ನೆರಳಿಗೆಂದು ಗಾಲಿಯ ಪಕ್ಕ ನನ್ನೊಂದಿಗೆ ಕೂತ. ಪೇಶಾವರದ ಕಡೆಯ ಪಠಾಣ, ವಯಸ್ಸಾದವನು. ನನ್ನ ಅಂಗೈ ನೋಡಿ, "ನಿನ್ನ ಸಾಥಿ ಅಲ್ಲಿ ತಂಪಿನಲ್ಲಿ ಕೂತಿದ್ದಾನೆ, ನೀನು ಇಲ್ಲಿ ಸುಡುತ್ತಿದ್ದೀಯ" ಎಂದು ಉರ್ದುವಿನಲ್ಲಿ ಹೇಳಿದ. ಅವನು ಒಳ್ಳೆಯವನು, ನನ್ನನ್ನು ಉಳಿಸಿದ ಎಂದೆ. ಪಠಾಣ ನನ್ನನ್ನೇ ನೋಡಿದ.

"ನಿನಗೆ ಗೊತ್ತಿಲ್ಲವಾ? ಗುರುವಾರ ಮಧ್ಯಾಹ್ನ ಅವನೇ ನನ್ನ ಗಾಡಿಗೆ ಸಿಮೆಂಟ್ ಚೀಲ ಹಾಕಿಸುತ್ತಿದ್ದ. ಕೆಳಗೆ ಕೇಬಲ್. ಸೈಟಿಗೆ ಅಂತ ಹೇಳಿ ಬತ್ಹಾ ಪೇಟೆಯ ಹಿಂದೆ ಒಂದು ಗೋದಾಮಿನಲ್ಲಿ ಇಳಿಸಿಕೊಳ್ಳುತ್ತಿದ್ದ. ನಾನು ಆಫೀಸಿನ ಹುಕುಂ ಅಂದುಕೊಂಡಿದ್ದೆ."

"ಇಂಜಿನಿಯರಿಗೆ ಹೇಳ್ತೀಯಾ?"

"ನಾನಾ?" ಅವನು ತನ್ನ ಗಡ್ಡ ಸವರಿಕೊಂಡ. "ಅವನ ಮುಖ ನೋಡು, ನನ್ನ ಮುಖ ನೋಡು. ಯಾರ ಮಾತು ನಂಬುತ್ತಾರೆ? ಗಾಡಿ ನನ್ನದಲ್ಲವಾ?"

ಅವನು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವತ್ತು ಸಂಜೆ ಕೋಣೆಗೆ ಬಂದಾಗ ಭಾಯಿ ಮಂಚದ ಮೇಲೆ ಸೂಟ್‌ಕೇಸು ಹರಡಿಕೊಂಡು ರಜೆಗೆ ಊರಿಗೆ ಹೊರಡಲು ತಯಾರಿ ನಡೆಸಿದ್ದ. "ಉಳ್ಳಾಲಕ್ಕೂ ಹೋಗಿ ಬರ್ತೇನೆ. ನಿನ್ನ ಮನೆಗೆ ಎಂತಾದ್ರೂ ಕೊಡ್ಲಿಕ್ಕೆ ಉಂಟಾ?" ಎಂದು ಕೇಳಿದ. ಎದೆಗೆ ಒದೆಯಬೇಕೆನಿಸಿತು. ಒದೆಯಲಿಲ್ಲ. ಒದ್ದಿದ್ದರೆ ಕಳ್ಳನ ಜೊತೆಗೆ ಕೃತಘ್ನ ಎಂಬ ಹೆಸರೂ ಸೇರುತ್ತಿತ್ತು. ಏನೂ ಇಲ್ಲ ಎಂದೆ.

ಆದರೂ ಅವನು ನಮ್ಮ ಮನೆಗೆ ಹೋದ. ನನ್ನ ತಂದೆ ಸಂತೆಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ನಾವು ಬಾಪ ಎನ್ನುತ್ತಿದ್ದೆವು. ಮನೆಯ ಜಗಲಿಯಲ್ಲಿ ಅವರ ಮುಂದೆ ಕೂತು ಚಹಾ ಕುಡಿದು, ಒಂದು ಕಂಬಳಿಯನ್ನೂ ಟ್ಯಾಂಗ್ ಡಬ್ಬಿಯನ್ನೂ ಕೊಟ್ಟು, ದನಿ ತಗ್ಗಿಸಿ ವಿಷಯ ಹೇಳಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಬಾಪ ಕಳಿಸಿದ ಕ್ಯಾಸೆಟ್ಟಿನಿಂದ. ಆಗ ಕಾಗದಕ್ಕಿಂತ ಕ್ಯಾಸೆಟ್ಟೇ ಹೆಚ್ಚು. ಬರೆಯಲು ಬಾರದವರೂ ಮಾತಾಡಿ ಕಳಿಸುತ್ತಿದ್ದರು. ಒಂದು ಶುಕ್ರವಾರ ಕೋಣೆಯಲ್ಲಿ ಯಾರೂ ಇಲ್ಲದಾಗ ಅದನ್ನು ಹಾಕಿದೆ. ಮೊದಲು ಹೊಲಿಗೆ ಮಿಷನ್ ನಿಲ್ಲುವ ಸದ್ದು. ಆಮೇಲೆ ಬಾಪನ ದನಿ.

"ಮೋನೇ, ನಿನ್ನ ಗೆಳೆಯ ಬಂದಿದ್ದ. ದೇವರಂಥ ಮನುಷ್ಯ. ನಿನ್ನನ್ನು ಬೈಯಬೇಡಿ ಅಂತ ನನ್ನ ಕೈ ಹಿಡಿದು ಹೇಳಿದ. ನಾನು ಬೈಯುವುದಿಲ್ಲ. ತೆಗೆದದ್ದನ್ನು ವಾಪಸು ಕೊಡು. ಹರಾಮಿನ ಅನ್ನ ನಮಗೆ ಬೇಡ."

ಅಷ್ಟೇ. ನೀನು ತೆಗೆದಿದ್ದೀಯಾ ಎಂದು ಬಾಪ ಕೇಳಲೇ ಇಲ್ಲ. ಅವರಿಗೂ ನನ್ನ ಮುಖ ಗೊತ್ತಿತ್ತಲ್ಲ. ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದೆ. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದೆ. ಅವನಿಗೆ ಏನಾದರೂ ಮಾಡದೆ ನಾನು ಈ ದೇಶ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದು ಅವತ್ತು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನನಗೆ ಅವಸರವೂ ಇರಲಿಲ್ಲ. ನಾನೇ ಬರೆದು ಹಾಕಿದ ಉತ್ತರದಲ್ಲಿ "ನಾನು ತೆಗೆದಿಲ್ಲ" ಎಂದಷ್ಟೇ ಇತ್ತು. ಅದಕ್ಕೆ ಬಾಪನಿಂದ ಉತ್ತರ ಬರಲಿಲ್ಲ.

ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿಯ ನವೀಕರಣಕ್ಕೆ ಫೋಟೊ ಬೇಕೆಂದು ಕಂಪೆನಿಯವರು ನಮ್ಮನ್ನೆಲ್ಲ ಬತ್ಹಾದ ಒಂದು ಸ್ಟುಡಿಯೋಗೆ ಬಸ್ಸಿನಲ್ಲಿ ಕಳಿಸಿದರು. ಅದನ್ನು ನಡೆಸುತ್ತಿದ್ದವನು ಯೆಮೆನಿನ ಮುದುಕ. ನನ್ನ ಸರದಿ ಬಂದಾಗ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, "ಈ ತುಟಿ ಯಾರು ಹೊಲಿದದ್ದು? ಕೆಟ್ಟ ದರ್ಜಿ" ಎಂದ. ಆ ದೇಶದಲ್ಲಿ ನನ್ನ ಮುಖ ನೋಡಿ ಕಾರಣ ಕೇಳಿದ ಮೊದಲ ಮನುಷ್ಯ ಅವನೇ. ಸೈಕಲ್ಲಿನ ಕತೆ ಹೇಳಿದೆ. ಅವನು ಒಂದು ದೀಪವನ್ನು ಎಡಕ್ಕೆ ಸರಿಸಿ, ನನ್ನ ಗಲ್ಲವನ್ನು ಎರಡು ಬೆರಳಿನಿಂದ ಒಂದಿಷ್ಟು ತಿರುಗಿಸಿದ. ಬಂದ ಫೋಟೊದಲ್ಲಿ ನಾನು ಶಾಲಾ ಮಾಸ್ತರನಂತೆ ಕಾಣುತ್ತಿದ್ದೆ. ನಂಬಿ ಮಗಳನ್ನು ಕೊಡಬಹುದಾದ ಮುಖ.

ಮುದುಕನ ಕಣ್ಣು ಮಂಜಾಗತೊಡಗಿತ್ತು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಕಲೆ ತಿದ್ದಲು ಅವನಿಗೆ ಕೈ ಬೇಕಿತ್ತು. ರಶೀದಿಯಲ್ಲಿ ನಾನು ಬರೆದ ಹೆಸರಿನ ಅಕ್ಷರ ನೋಡಿ ಆ ಕೈ ತನಗೆ ಸಿಗಲೆಂದು ಆಸೆಪಟ್ಟ. ಕಂಪೆನಿಯ ಕರಾರು ಮುಗಿದ ಮೇಲೆ ಸ್ಟುಡಿಯೋದ ಕಫೀಲ, ಅಂದರೆ ಜಾಮೀನು ನಿಲ್ಲುವ ಸೌದಿ ಧಣಿಯ ಹೆಸರಿಗೆ ಕಾಗದಪತ್ರ ಬದಲಾಯಿಸಿಕೊಂಡು ಅಲ್ಲಿಗೆ ಸೇರಿದೆ. ಕಳ್ಳನನ್ನು ಬಿಟ್ಟುಕೊಡಲು ಕಂಪೆನಿಯವರು ತಕರಾರು ಮಾಡಲಿಲ್ಲ.

ಅಲ್ಲಿ ಎರಡು ವರ್ಷ ನಾನು ಮುಖಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಚಿಕ್ಕಪ್ಪನೆಂಬ ಅರ್ಥದಲ್ಲಿ ನಾನು ಅಮ್ಮೂ ಎನ್ನುತ್ತಿದ್ದ ಆ ಮುದುಕ ಹೇಳುತ್ತಿದ್ದ: "ಜನ ಮುಖ ಓದುವುದಿಲ್ಲ. ಹುಬ್ಬು ನೋಡುತ್ತಾರೆ, ಬಾಯಿಯ ಮೂಲೆ ನೋಡುತ್ತಾರೆ, ಅಷ್ಟರಲ್ಲಿ ತೀರ್ಮಾನ ಮಾಡಿ ಮುಗಿದಿರುತ್ತದೆ." ಹುಬ್ಬಿನ ನಡುವೆ ನೆರಳು ಬಿದ್ದರೆ ಕೊಲೆಗಾರ. ಅದೇ ಮನುಷ್ಯನಿಗೆ ಮುಂದಿನಿಂದ ಬೆಳಕು ಕೊಟ್ಟು, ಬಾಯಿಯ ತುದಿ ಅಕ್ಕಿಕಾಳಿನಷ್ಟು ಮೇಲೆತ್ತಿಸಿದರೆ ಮಸೀದಿಯ ಖಜಾಂಚಿ. ದೀಪವನ್ನು ಗಲ್ಲಕ್ಕಿಂತ ಕೆಳಗೆ ಇಳಿಸಿದರೆ ಎಂಥ ಸಾಧುವೂ ಏನನ್ನೋ ಬಚ್ಚಿಟ್ಟವನಂತೆ ಕಾಣುತ್ತಾನೆ. ಮುದುಕ ಇದನ್ನೆಲ್ಲ ಕಲಿಸಿದ್ದು ಜನರನ್ನು ಚೆನ್ನಾಗಿ ಕಾಣಿಸಲಿಕ್ಕೆ. ನಾನು ಕಲಿತದ್ದು ಅದೊಂದಕ್ಕೇ ಅಲ್ಲ.

ದಶಕದ ನಡುವೆ ಎಣ್ಣೆಯ ಬೆಲೆ ಬಿದ್ದು ಕಂಪೆನಿಗಳು ಒಂದೊಂದಾಗಿ ಮುಚ್ಚಿದವು. ಹೊಸ ಕೆಲಸ ಹುಡುಕುವವರು ಅರ್ಜಿಗೆ ಫೋಟೊ ತೆಗೆಸಲು ಸ್ಟುಡಿಯೋದ ಮುಂದೆ ಸಾಲು ನಿಲ್ಲುತ್ತಿದ್ದರು. ಒಂದು ಬುಧವಾರ ಬೆಳಿಗ್ಗೆ ಆ ಸಾಲಿನಲ್ಲಿ ಅವನಿದ್ದ.

ಮುದುಕ ಅವತ್ತು ಕಣ್ಣಿನ ಆಸ್ಪತ್ರೆಗೆ ಹೋಗಿದ್ದ. ನಾನು ಗಲ್ಲೆಯಿಂದ ತಲೆ ಎತ್ತುವಷ್ಟರಲ್ಲಿ ಅವನೇ ನನ್ನನ್ನು ಕಂಡು ಎರಡೂ ಕೈ ಚಾಚಿದ.

"ಅರೇ! ನೀನು ಇಲ್ಲಿದ್ದೀಯಾ ಮಾರಾಯ! ದಪ್ಪ ಆಗಿದ್ದಿಯಲ್ಲ!"

ನನ್ನನ್ನು ತಬ್ಬಿಕೊಂಡ. ಅತ್ತರಿನ ಪರಿಮಳ. ನಡುವೆ ಏನೂ ಆಗಿರಲೇ ಇಲ್ಲವೆಂಬಂತೆ ಬಾಪನ ಆರೋಗ್ಯ ಕೇಳಿದ. ನನಗೆ ಅನಿಸಿದ್ದು ಇಷ್ಟೇ: ಇವನಿಗೆ ನೆನಪೂ ಇಲ್ಲ. ಇವನು ನನ್ನನ್ನು ಹಾಳು ಮಾಡಿ ಒಂದು ದಿನವೂ ನಿದ್ದೆಗೆಟ್ಟಿಲ್ಲ.

"ಹೇಳಿ ಭಾಯಿ, ಯಾವುದಕ್ಕೆ ಫೋಟೊ?" ಎಂದೆ.

ನಗರದ ಒಬ್ಬ ದೊಡ್ಡ ವ್ಯಾಪಾರಿಯ ಮನೆಯ ಮೇಲ್ವಿಚಾರಕನ ಕೆಲಸವಂತೆ. ಇಡೀ ಮನೆಯ ಬೀಗದ ಕೈಗಳೂ ಅವನ ಕೈಯಲ್ಲಿ ಇರುತ್ತವಂತೆ. ಕೆಲಸ ಸಿಗದಿದ್ದರೆ ತಿಂಗಳೊಳಗೆ ಊರಿಗೆ ಹೊರಡಬೇಕು. "ಆ ಅರಬಿ ಯಜಮಾನ ಸರ್ಟಿಫಿಕೇಟು ಗಿರ್ಟಿಫಿಕೇಟು ನೋಡುದಿಲ್ಲ ಅಂತೆ. ಮುಖ ನೋಡಿ ಆರಿಸುದಂತೆ. ಹಾಗಾದ್ರೆ ನಂಗೆ ಹೆದರಿಕೆ ಇಲ್ಲ, ಅಲ್ವಾ?" ಎಂದು ಗುಳಿ ತೋರಿಸಿ ನಕ್ಕ. ಅರ್ಜಿಯ ಫೋಟೊಗಳನ್ನು ವ್ಯಾಪಾರಿಯ ಗುಮಾಸ್ತ ಮಧ್ಯಾಹ್ನ ನೇರವಾಗಿ ನಮ್ಮಲ್ಲಿಂದ ಒಯ್ಯುವುದೆಂದು ನಿಗದಿಯಾಗಿತ್ತು. ಇವನ ಜೊತೆ ಇನ್ನೂ ಆರೇಳು ಜನರದಿತ್ತು.

ಒಳಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ಒಂದು ದೀಪ ಆರಿಸಿದೆ. ಇನ್ನೊಂದನ್ನು ಗಲ್ಲಕ್ಕಿಂತ ಒಂದು ಗೇಣು ಕೆಳಗಿಳಿಸಿದೆ. ಅವನು ಕೂದಲು ಬಾಚಿ, ಎದೆ ಎತ್ತಿ, ಅವನ ಆ ನಗುವನ್ನು ಮುಖಕ್ಕೆ ತಂದು ಕಾದ. ನಾನು ಬಟನ್ ಒತ್ತಲಿಲ್ಲ. ಕಾಯಿಸಿದೆ. ನಗು ಸುಸ್ತಾಗುವ ತನಕ ಕಾಯಿಸಿದೆ.

"ತೆಗಿ ಮಾರಾಯ" ಎಂದ.

"ಗುರುವಾರ ಮಧ್ಯಾಹ್ನ ಕೇಬಲಿನ ಮೇಲೆ ಎಷ್ಟು ಚೀಲ ಸಿಮೆಂಟ್ ಹಾಕ್ತಿದ್ದಿ ನೀನು?"

ನೀವು ಎನ್ನುತ್ತಿದ್ದವನು ನೀನು ಎಂದದ್ದೂ ಅದೇ ಮೊದಲು. ಅವನ ಮುಖದಿಂದ ನಗು ಜಾರಿ ಬಿತ್ತು. ಹುಬ್ಬು ಮೇಲೆ ಹೋಯಿತು, ಕಣ್ಣು ಬಾಗಿಲ ಕಡೆ ಓಡಿತು, ಕೆಳತುಟಿ ಒಳಗೆ ಸೇರಿತು. ಒತ್ತಿದೆ.

"ಎಂತ? ಎಂತ ಹೇಳಿದಿ?"

"ತಮಾಷೆಗೆ. ಈಗ ನಗಿ" ಎಂದೆ. ನಗುವಿಗೆ ಮರಳಲು ಅವನಿಗೆ ಎರಡು ಕ್ಷಣ ಸಾಕಾಯಿತು. ಒಳ್ಳೆಯ ಬೆಳಕಿನಲ್ಲಿ ಇನ್ನೆರಡು ತೆಗೆದೆ. ಅವು ಚೆನ್ನಾಗಿ ಬಂದವು. ಅವನ್ನು ಪ್ರಿಂಟು ಹಾಕಲಿಲ್ಲ.

ಕತ್ತಲೆಕೋಣೆಯ ಕೆಂಪು ಬಲ್ಬಿನ ಕೆಳಗೆ ಟ್ರೇಯಲ್ಲಿ ಅವನ ಮುಖ ನಿಧಾನವಾಗಿ ಮೂಡಿದ್ದು ಇವತ್ತಿಗೂ ನನಗೆ ಸಿಹಿಯಾದ ನೆನಪು. ಮೊದಲು ಹುಬ್ಬು, ಆಮೇಲೆ ಕಣ್ಣು, ಕೊನೆಗೆ ಆ ಬಾಯಿ. ಅಂಥ ಮುಖದವನನ್ನು ಯಾರೂ ಅಂಗಳದೊಳಗೂ ಬಿಡಲಾರರು. ಲಕೋಟೆಗೆ ಹಾಕಿ ಅಂಟಿಸಿ, ಗುಮಾಸ್ತ ಬಂದಾಗ ಉಳಿದವರ ಫೋಟೊಗಳ ಜೊತೆ ಕೊಟ್ಟೆ. ಆ ಉಳಿದವರ ಫೋಟೊಗಳನ್ನು ಬಹಳ ಪ್ರೀತಿಯಿಂದ ತೆಗೆದಿದ್ದೆ.

ಶುಕ್ರವಾರ ಜುಮ್ಮಾ ನಮಾಜು ಮುಗಿದು ಅಂಗಡಿ ತೆರೆಯುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಗುಳಿಗಳು ಇರಲಿಲ್ಲ.

"ನೀನು ಎಂತ ಕಳಿಸಿದ್ದು ಮಾರಾಯ? ಗುಮಾಸ್ತ ಹೇಳಿದ, ಅರಬಿ ನನ್ನ ಫೋಟೊ ಕೈಯಲ್ಲಿ ಹಿಡಿದವನೇ ದೂಡಿಬಿಟ್ಟನಂತೆ. ಇವನ ಕಣ್ಣು ಸರಿ ಇಲ್ಲ, ಇವನಿಗೆ ಬೀಗದ ಕೈ ಕೊಡುವುದಿಲ್ಲ ಅಂದನಂತೆ."

"ಮುಖ ನಿನ್ನದೇ ಅಲ್ವಾ. ನಾನು ಬಟನ್ ಒತ್ತಿದ್ದು ಮಾತ್ರ."

ಅವನು ನನ್ನನ್ನು ನೋಡುತ್ತ ನಿಂತ. ಆಗ ಅವನಿಗೆ ಎಲ್ಲ ನೆನಪಿದೆ ಎಂದು ನನಗೆ ಖಾತ್ರಿಯಾಯಿತು. ಇವನು ಬೇಡಿಕೊಂಡದ್ದರಿಂದ ಗುಮಾಸ್ತ, ಇಳಿಹೊತ್ತಿನ ಅಸರ್ ಬಾಂಗಿನೊಳಗೆ ಬೇರೆ ಫೋಟೊ ತಂದರೆ ಇನ್ನೊಮ್ಮೆ ತೋರಿಸುತ್ತೇನೆ ಎಂದಿದ್ದನಂತೆ. ಶುಕ್ರವಾರ, ಬೇರೆ ಸ್ಟುಡಿಯೋಗಳು ಸಂಜೆಯವರೆಗೆ ತೆರೆಯುತ್ತಿರಲಿಲ್ಲ. "ನನ್ನ ಮಕ್ಕಳ ಮೇಲೆ ಆಣೆ, ಒಂದು ಒಳ್ಳೆ ಫೋಟೊ ತೆಗಿ" ಎಂದ. ಕೈ ಮುಗಿದ.

ನಾನು ಗಲ್ಲೆಯ ಕೆಳಗಿನಿಂದ ಟೇಪ್ ರೆಕಾರ್ಡರ್ ತೆಗೆದು ಅವನ ಮುಂದಿಟ್ಟು, ಹೊಸ ಕ್ಯಾಸೆಟ್ ಹಾಕಿದೆ.

"ನನ್ನ ಬಾಪನಿಗೆ ಹೇಳು. ಯಾರು ತೆಗೆದದ್ದು, ಯಾರು ತೆಗೆಯಲಿಲ್ಲ. ಹೇಳಿದ್ರೆ ಫೋಟೊ ತೆಗೀತೇನೆ."

ಅವನು ಗೋಡೆ ಗಡಿಯಾರ ನೋಡಿದ. ಆಮೇಲೆ ಮೈಕಿನ ಹತ್ತಿರ ಬಗ್ಗಿದ. ಅವನ ದನಿಯೂ ಮುಖದಂತೆಯೇ. ಹದವಾಗಿ ಬೆಚ್ಚಗಾದ ಎಣ್ಣೆ. ಹೆಸರು ಹೇಳಿ, ಸಲಾಂ ಹೇಳಿ, ಬಾಪನ ಮಂಡಿನೋವು ಹೇಗಿದೆಯೆಂದು ವಿಚಾರಿಸಿ, ಆಮೇಲೆ ಹೇಳಿದ: "ಕೇಬಲ್ ತೆಗೆದದ್ದು ನಾನು. ನಿಮ್ಮ ಮಗ ನಿರಪರಾಧಿ. ಅವನಿಗೆ ಇದರ ಗಾಳಿಯೂ ಗೊತ್ತಿರಲಿಲ್ಲ. ಅಲ್ಲಾಹು ನನ್ನನ್ನು ಕ್ಷಮಿಸಲಿ, ನೀವೂ ಕ್ಷಮಿಸಿ." ನೋಡುವವರು ಯಾರೂ ಇಲ್ಲದ ಆ ಯಂತ್ರದ ಮುಂದೆಯೂ ಅವನು ಮಾತಿನ ಕೊನೆಗೆ ನಕ್ಕ. ಅಭ್ಯಾಸಬಲ.

ನಾನು ಕ್ಯಾಸೆಟ್ ಹೊರತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಅವನು ಎದ್ದು, ಬಾಚಣಿಗೆ ಹಿಡಿದು, ಒಳಕೋಣೆಯ ಕಡೆ ಹೊರಟ.

"ಒಂದು ನಿಮಿಷ, ಹೊರಗಿನ ಬೋರ್ಡು ತಿರುಗಿಸಬೇಕು, ಸ್ವಲ್ಪ ಬನ್ನಿ ಭಾಯಿ" ಎಂದು ಮರ್ಯಾದೆಯಿಂದಲೇ ಕರೆದೆ. ಅವನು ಹೊಸ್ತಿಲು ದಾಟಿದ. ನಾನು ಒಳಗಿನಿಂದ ಶಟರ್ ಎಳೆದು ಬೀಗ ಹಾಕಿದೆ.

ಅವನು ಮೊದಲು ಕರೆದ, ಆಮೇಲೆ ಬಡಿದ, ಆಮೇಲೆ ಉರ್ದುವಿನಲ್ಲಿ ಬೈದ. ಅವನ ಬಾಯಿಂದ ಬೈಗುಳ ಕೇಳಿದ್ದು ಅದೊಂದೇ ಸಲ. ಅಸರ್ ಬಾಂಗು ಶುರುವಾಗುವ ತನಕ ಬಿಟ್ಟು ಬಿಟ್ಟು ಬಡಿಯುತ್ತಲೇ ಇದ್ದ. ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ ಅಲ್ಲೇ ಗೋಡೆಯಲ್ಲಿತ್ತು. ಅದರಲ್ಲಿ ನನ್ನ ಮುಖ ಕಂಡಿತು. ನಾನು ನಗುತ್ತಿದ್ದೆ. ಎರಡೂ ಮೂಲೆ ಸಮವಾಗಿ ಏರಿ, ಹೊಲಿಗೆಯ ಗುರುತೇ ಕಾಣದ ಹಾಗೆ, ಎಷ್ಟು ಚೆಂದವಾಗಿ ನಗುತ್ತಿದ್ದೆನೆಂದರೆ ಯಾರು ನೋಡಿದರೂ ಇವನು ಕೊಟ್ಟ ಮಾತಿಗೆ ತಪ್ಪುವವನಲ್ಲ ಎನ್ನುತ್ತಿದ್ದರು.

ಮರುದಿನ ಮುದುಕ ತೊಳೆದಿಟ್ಟ ಫಿಲ್ಮುಗಳನ್ನು ನೋಡುವಾಗ ಭಾಯಿಯ ಮೂರು ಮುಖಗಳು ಒಂದರ ಪಕ್ಕ ಒಂದು ಸಿಕ್ಕವು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಯಾವುದನ್ನು ಕೊಟ್ಟೆ?"

ತೋರಿಸಿದೆ.

"ದೀಪ ನೀನೇ ಇಳಿಸಿದ್ದಾ?"

"ಅವನು ಕಳ್ಳನೇ, ಅಮ್ಮೂ. ಮುಖದಲ್ಲಿ ಇದ್ದದ್ದೇ ಬಂದಿದೆ."

"ಇದ್ದದ್ದು ಅರ್ಧ. ಉಳಿದರ್ಧ ದೀಪದ್ದು" ಎಂದ ಮುದುಕ. "ನನ್ನ ಅಂಗಡಿಯಿಂದ ಯಾರೂ ಬಂದದ್ದಕ್ಕಿಂತ ಕೆಟ್ಟವರಾಗಿ ಹೊರಗೆ ಹೋಗಿಲ್ಲ." ಒಂದು ತಿಂಗಳು ನನ್ನನ್ನು ಕ್ಯಾಮೆರಾ ಮುಟ್ಟಲು ಬಿಡಲಿಲ್ಲ, ಕತ್ತಲೆಕೋಣೆಯಲ್ಲಿ ತೊಳೆಯುವ ಕೆಲಸವೇ. ಅವನ ಮನಸ್ಸು ನೋಯಿಸಿದ್ದಕ್ಕೆ ನನಗೆ ಬೇಸರವಾಯಿತು. ಮಾಡಿದ್ದಕ್ಕೆ ಆಗಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಭಾಯಿ ರಿಯಾದ್ ಬಿಟ್ಟು ಊರಿಗೆ ಹೋದನೆಂದು ಕೇಳಿದೆ. ಅವತ್ತು ಬತ್ಹಾದ ಹೋಟೆಲಿನಲ್ಲಿ ಕೂತು ಒಬ್ಬನೇ ಹೊಟ್ಟೆ ತುಂಬ ಬಿರಿಯಾನಿ ತಿಂದೆ.

ಕ್ಯಾಸೆಟ್ಟನ್ನು ಅಂಚೆಗೂ ಹಾಕಲಿಲ್ಲ, ಯಾರ ಕೈಯಲ್ಲೂ ಕಳಿಸಲಿಲ್ಲ. ರಜೆ ಸಿಕ್ಕಾಗ ನಾನೇ ಒಯ್ದೆ. ಬಾಪ ಆಗ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದರು. ಮನೆಯ ಜಗಲಿಯಲ್ಲಿ ಅವರನ್ನು ಕೂರಿಸಿ, ಉಮ್ಮನನ್ನೂ ಕರೆದು, ಟೇಪ್ ಹಾಕಿದೆ. ಆರು ವರ್ಷ ನಾನು ಕಾದದ್ದು ಆ ಗಳಿಗೆಗೆ. ಬಾಪ ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು:

"ಎಂಥ ಮನುಷ್ಯ ನೋಡು. ನಿನ್ನ ಮಾನ ಉಳಿಸಲಿಕ್ಕೆ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡಿದ್ದಾನೆ."

"ಬಾಪ, ಅವನೇ ಒಪ್ಪಿಕೊಂಡಿದ್ದಾನೆ. ನೀವೇ ಕೇಳಿದ್ದೀರಿ."

"ಕೇಳಿದೆ. ಕಳ್ಳ ಹಾಗೆ ಮಾತಾಡುವುದಿಲ್ಲ ಮೋನೇ. ಇಲ್ಲೇ, ಈ ಬೆಂಚಿನಲ್ಲೇ ಕೂತಿದ್ದ ಅವನು. ನಾನು ಅವನ ಮುಖ ನೋಡಿದ್ದೇನೆ."

ನಾನು ಮಾತಾಡಲು ಬಾಯಿ ತೆರೆದೆ. ತುಟಿ ಏರಿತು. ಬಾಪ ನನ್ನ ಮುಖದಿಂದ ಕಣ್ಣು ತೆಗೆದು ಅಂಗಳದ ಕಡೆ ನೋಡಿದರು. ಉಮ್ಮ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ದಶಕದ ಕೊನೆಗೆ ನಾನು ಸೌದಿ ಬಿಟ್ಟು ಪೂರ್ತಿ ಊರಿಗೆ ಬಂದೆ. ಮುಂದಿನ ಮಳೆಗಾಲದ ಮೊದಲೇ ಬಾಪ ತೀರಿಕೊಂಡರು. ಸುದ್ದಿ ಕೇಳಿ ಅವನೂ ಬಂದ. ಆಗ ಕುಂದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಚೆನ್ನಾಗಿ ನಡೆಯುತ್ತಿತ್ತು. ಅಂಗಳಕ್ಕೆ ಕಾಲಿಟ್ಟವನೇ ನನ್ನ ತಮ್ಮನ ಕೊರಳು ತಬ್ಬಿ ಅತ್ತ. ಕೆನ್ನೆಯ ಗುಳಿಗಳ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಬಂದವರೆಲ್ಲ ಅವನನ್ನೇ ನೋಡಿದರು. ನನಗೆ ಅಳು ಬರಲಿಲ್ಲ. ಬಾಯಿ ಮಾತ್ರ ತನ್ನ ಪಾಡಿಗೆ ಒಂದು ಬದಿಗೆ ಎಳೆದಿತ್ತು. ಬೇಲಿಯ ಹತ್ತಿರ ಯಾರೋ, "ಹೆತ್ತ ಮಗ ನೋಡು, ನಗಾಡಿಕೊಂಡು ನಿಂತಿದ್ದಾನೆ" ಎಂದದ್ದು ನನ್ನ ಕಿವಿಗೆ ಬಿತ್ತು.

ಕಬರಸ್ತಾನಕ್ಕೆ ಹೋಗುವ ದಾರಿಯಲ್ಲಿ ಅವನು ಬಾಪನನ್ನು ಹೊತ್ತ ಮಯ್ಯತ್ತಿನ ಮಂಚದ ಮುಂದಿನ ಬಲಗಡೆಯ ಕೋಲಿಗೆ ಹೆಗಲು ಕೊಟ್ಟ. ಬಾಪನ ತಲೆಯ ಪಕ್ಕ. ಜನ ದಾರಿ ಬಿಟ್ಟುಕೊಟ್ಟರು. ನಾನು ಹಿಂದಿನಿಂದ ಬಂದು ಮಂಚದ ಕೋಲನ್ನು ಅವನ ಹೆಗಲಿನಿಂದ ಎತ್ತಿ ನನ್ನ ಹೆಗಲಿಗೆ ತೆಗೆದುಕೊಂಡೆ. ಅವನು ಬಿಡಲಿಲ್ಲ. "ಸ್ವಲ್ಪ ದೂರ ನಾನು ಹೊರ್ತೇನೆ ಮಾರಾಯ" ಎಂದು ಮೆಲ್ಲಗೆ ಹೇಳಿದ.

"ಆಚೆ ಸರಿ" ಎಂದೆ.

ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಮೊಣಕೈಯಿಂದ ಅವನ ಎದೆಗೆ ತಿವಿದು ಪಕ್ಕಕ್ಕೆ ಸರಿಸಿದೆ. ಅವನು ಎಡವಿ ಚರಂಡಿಯ ಬದಿಗೆ ಹೋಗಿ ನಿಂತ. ಯಾರೋ ಹೋಗಿ ಅವನನ್ನು ಹಿಡಿದುಕೊಂಡರು, ಸಮಾಧಾನ ಹೇಳಿದರು. ನಾನು ತಿರುಗಿ ನೋಡಲಿಲ್ಲ. ಅಲ್ಲಿಂದ ಕಬರಸ್ತಾನದ ಗೇಟಿನ ತನಕ ಹೆಗಲು ಬದಲಿಸಲು ಬಂದವರಿಗೆಲ್ಲ ಬೇಡ ಎಂದೆ.